ನಿಂತ ಫಿಯಟ್‌ಗೆ ಏನಾಗುತ್ತದೆ? ಬೆಂಗಳೂರಿನಲ್ಲಿ ಹಳೆಯ ಕಾರನ್ನು ಉಳಿಸಿಕೊಳ್ಳುವ ಬಗೆ

ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಹಳೆಯ ಮನೆಯ ಪಕ್ಕದ ಶೆಡ್ಡಿನಲ್ಲಿ ನೀಲಿ ಟಾರ್ಪಾಲು ಹೊದ್ದು ನಿಂತ ಫಿಯಟ್ ಕಾರನ್ನು ನೋಡದವರು ಕಡಿಮೆ. ತಾತನ ಕಾಲದ್ದು, ಎಂಟು ಹತ್ತು ವರ್ಷದಿಂದ ಸ್ಟಾರ್ಟ್ ಮಾಡಿಲ್ಲ, ಮಾರಲು ಮನಸ್ಸಿಲ್ಲ. ಓಡಿಸಿಲ್ಲ, ಹಾಗಾಗಿ ಸವೆದೂ ಇಲ್ಲ ಎಂಬುದು ಮನೆಯವರ ಲೆಕ್ಕ. ಕಾರಿನ ಲೆಕ್ಕವೇ ಬೇರೆ. ವಾರಕ್ಕೊಮ್ಮೆ 20 ಕಿಲೋಮೀಟರ್ ಓಡುವ ಗಾಡಿಗಿಂತ ನಿಂತ ಗಾಡಿಯೇ ಬೇಗ ಸಾಯುತ್ತದೆ.

ಎಂಜಿನ್ ನಿಂತಾಗ ಯಾವುದೋ ಒಂದೆರಡು ವಾಲ್ವ್ ತೆರೆದೇ ಇರುತ್ತವೆ. ಆ ದಾರಿಯಲ್ಲಿ ತೇವದ ಗಾಳಿ ಸಿಲಿಂಡರಿಗೆ ಇಳಿಯುತ್ತದೆ. ಗೋಡೆಗೆ ಹತ್ತಿದ್ದ ಆಯಿಲ್ ಪೊರೆ ಅಷ್ಟರಲ್ಲಿ ಎಂಜಿನ್ ತಳದ ಆಯಿಲ್ ತೊಟ್ಟಿಗೆ ಜಾರಿಹೋಗಿರುತ್ತದೆ, ಪಿಸ್ಟನ್ ರಿಂಗು ನಿಂತಲ್ಲೇ ತುಕ್ಕು ಹಿಡಿದು ಗೋಡೆಗೆ ಕಚ್ಚಿಕೊಳ್ಳುತ್ತದೆ. ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟುತ್ತದೆ. ಬ್ರೇಕ್ ಆಯಿಲ್ ನೀರು ಹೀರಿ ವೀಲ್ ಸಿಲಿಂಡರನ್ನು ಒಳಗಿನಿಂದ ತಿನ್ನುತ್ತದೆ. ಆಯಿಲ್ ತಾಗದ ಸೀಲುಗಳು ಒಣಗಿ ಬಿರಿಯುತ್ತವೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಅರಗಿನಂಥ ಅಂಟಾಗುತ್ತದೆ. ಇಷ್ಟೂ ಆಗುವಾಗ ಹೊರಗಿನಿಂದ ಕಾರು ಚೆನ್ನಾಗಿಯೇ ಕಾಣುತ್ತದೆ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಇದಕ್ಕೆ ಮದ್ದಲ್ಲ. ಅದು ಸುಮ್ಮನೆ ನಿಲ್ಲಿಸುವುದಕ್ಕಿಂತಲೂ ಕೆಟ್ಟದ್ದು. ಪೆಟ್ರೋಲು ಉರಿದಾಗ ಹುಟ್ಟುವ ನೀರಾವಿ ತಣ್ಣಗಿನ ಎಂಜಿನ್ನಿನಲ್ಲೂ ಸೈಲೆನ್ಸರಿನಲ್ಲೂ ನೀರಾಗಿ ಕೂರುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮೊಸರಿನಂಥ ಬಿಳಿ ಪದಾರ್ಥ ಕಂಡರೆ ಇದೇ ಕಾರಣ ಇರಬಹುದು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೂ ಹೀಗೆಯೇ ಕಾಣುತ್ತದೆ, ಅದನ್ನೂ ನೋಡಿಸಿ. ಕನಿಷ್ಠ ಹದಿನೈದು ದಿನಕ್ಕೊಮ್ಮೆ 20 ಕಿಲೋಮೀಟರಾದರೂ ಓಡಿಸಬೇಕು. ಭಾನುವಾರ ಬೆಳಗಿನ ಆರಕ್ಕೆ ಕನಕಪುರ ರಸ್ತೆಯಲ್ಲೋ ದೇವನಹಳ್ಳಿ ಕಡೆಗೋ ಒಂದು ಸುತ್ತು ಹೋಗಿಬಂದರೆ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರೂ ಬಿಸಿಯಾಗಿ ಒಣಗುತ್ತವೆ.

ತುಕ್ಕು

ಎಂಜಿನ್ ಕೆಟ್ಟರೆ ಮತ್ತೆ ಕಟ್ಟಬಹುದು. ಬಾಡಿ ಹೋದರೆ ಕಾರೇ ಹೋಯಿತು. ಪದ್ಮಿನಿಗಾಗಲಿ (ಫಿಯಟ್‌ಗೆ ಆಮೇಲೆ ಬಂದ ಹೆಸರು) ಅಂಬಾಸಿಡರ್‌ಗಾಗಲಿ ಬಾಡಿಯನ್ನು ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗೆ ಉದ್ದಕ್ಕೆ ಓಡುವ ಸಿಲ್ ಪೆಟ್ಟಿಗೆ ಕಾರಿನ ಬೆನ್ನುಮೂಳೆ ಇದ್ದಂತೆ. (ಸ್ಟ್ಯಾಂಡರ್ಡ್ ಹೆರಾಲ್ಡ್ ಬೇರೆ ಜಾತಿ, ಅದಕ್ಕೆ ಪ್ರತ್ಯೇಕ ಚಾಸಿ ಉಂಟು.)

ಬೆಂಗಳೂರಿನಲ್ಲಿ ಸಮುದ್ರದ ಉಪ್ಪುಗಾಳಿ ಇಲ್ಲ, ಹಾಗಾಗಿ ಮಂಗಳೂರಿನ ಕಾರಿಗಿಂತ ಇಲ್ಲಿನದು ಪುಣ್ಯ ಮಾಡಿದೆ. ಆದರೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಬಿಟ್ಟುಬಿಟ್ಟು ಮಳೆ ಬೀಳುತ್ತದೆ, ಜೊತೆಗೆ ವರ್ಷಪೂರ್ತಿ ಕಟ್ಟಡಗಳ ದೂಳು. ದೂಳು ಮೂಲೆಗಳಲ್ಲಿ ಕೂತು ಒದ್ದೆ ಬಟ್ಟೆಯ ಹಾಗೆ ನೀರನ್ನು ಹಿಡಿದಿಡುತ್ತದೆ. ಮಳೆಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಂತೂ ಸಣ್ಣ ಎಲೆಗಳು ವೈಪರ್ ಕೆಳಗಿನ ಜಾಲರಿಯಿಂದ ಒಳಗಿಳಿದು ನೀರು ಹೋಗುವ ತೂತನ್ನು ಮುಚ್ಚುತ್ತವೆ. ನೀರು ಅಲ್ಲೇ ನಿಂತು ಡ್ಯಾಶ್‌ಬೋರ್ಡ್ ಕೆಳಗಿನಿಂದ ಕಾಲಿಡುವ ನೆಲಕ್ಕೆ ಇಳಿಯುತ್ತದೆ.

ಪ್ಲಾಸ್ಟಿಕ್ ಟಾರ್ಪಾಲು ಹಗಲು ಬಿಸಿಯಾಗಿ, ರಾತ್ರಿ ತಣ್ಣಗಾಗಿ, ಒಳಗೆ ಬೆವರುತ್ತದೆ. ಆ ಬೆವರು ಹೊರಗೆ ಹೋಗಲು ದಾರಿಯಿಲ್ಲ. ಮಾಡಿನ ಕೆಳಗೆ ನಿಲ್ಲುವ ಕಾರಿಗೆ ಹಳೆಯ ಹತ್ತಿ ಬೆಡ್‌ಶೀಟು ಸಾಕು. ಬಯಲಲ್ಲಿ ನಿಲ್ಲಿಸಲೇಬೇಕಾದರೆ ಗಾಳಿಯಾಡುವ ಕವರ್ ಹಾಕಿ, ಮಳೆ ನಿಂತ ದಿನ ತೆಗೆದು, ಬಾಗಿಲು ಬಾನೆಟ್ ಡಿಕ್ಕಿ ತೆರೆದು ಒಣಗಿಸಿ. ಮಣ್ಣು ನೆಲ, ಹುಲ್ಲು ನೆಲ ಬೇಡ; ನೆಲದ ತೇವ ಸೀದಾ ಮೇಲಕ್ಕೆ ಏರುತ್ತದೆ.

ತುಕ್ಕು ಎಲ್ಲಿದೆ ಎಂದು ಹುಡುಕಲು ಒಂದು ಅಯಸ್ಕಾಂತ, ತೆಳ್ಳನೆಯ ಬಟ್ಟೆ, ಸ್ಕ್ರೂಡ್ರೈವರಿನ ಹಿಡಿ ಸಾಕು. ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಬಾಡಿಯ ಮೇಲೆ ಜಾರಿಸಿ. ಹಿಡಿಯದ ಕಡೆ ಪುಟ್ಟಿ ಇದೆ. ಕೆಳಗಿನಿಂದ ಹಿಡಿಯಲ್ಲಿ ತಟ್ಟಿ; ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಬಾಗಿಲಿನ ಕೆಳ ಅಂಚು, ಸಿಲ್, ಬ್ಯಾಟರಿ ತಟ್ಟೆ, ಮುಂದಿನ ನೆಲ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಜಾಗ, ಗಾಜಿನ ರಬ್ಬರ್ ಬೀಡಿಂಗಿನ ಅಡಿ, ಹಿಂದಿನ ಲೀಫ್ ಸ್ಪ್ರಿಂಗ್ ಬಿಗಿಯುವ ಜಾಗ, ಜ್ಯಾಕ್ ಕೊಡುವ ಜಾಗ: ಇವೆಲ್ಲವನ್ನೂ ನೋಡದೆ ಹಳೆಯ ಕಾರು ಕೊಳ್ಳಬಾರದು. ಹೊಳೆಯುವ ಹೊಸ ಪೇಂಟು ಕಂಡರೆ ಇನ್ನೂ ಹೆಚ್ಚು ಅನುಮಾನಪಡಬೇಕು.

ಟಿಂಕರಿಂಗ್ ಕೆಲಸದಲ್ಲಿ ನಡೆಯುವ ದೊಡ್ಡ ತಪ್ಪು, ತುಕ್ಕಿನ ಮೇಲೆ ತಗಡಿನ ತೇಪೆ ಹಾಕಿ ಪುಟ್ಟಿ ಮೆತ್ತುವುದು. ಎರಡು ತಗಡಿನ ನಡುವೆ ನೀರು ನಿಂತು ಒಂದೆರಡು ಮಳೆಗಾಲದಲ್ಲಿ ಪೇಂಟು ಗುಳ್ಳೆ ಏಳುತ್ತದೆ. ಕೊಳೆತದ್ದನ್ನು ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಬೇಕು, ಅಷ್ಟೇ ಅಳತೆಯ ಹೊಸ ತಗಡು ಕೂರಿಸಬೇಕು. ಹೊರ ಬಾಡಿಗೆ 20 ಗೇಜ್, ಅಂದರೆ ಸುಮಾರು 0.9 ಮಿಲಿಮೀಟರ್, ನೆಲ ಮತ್ತು ಸಿಲ್‌ನ ಭಾರ ಹೊರುವ ಭಾಗಕ್ಕೆ 18 ಗೇಜ್. ಗ್ಯಾರೇಜಿನವರು ಸಿಓಟು ವೆಲ್ಡಿಂಗ್ ಎನ್ನುವ ವಿಧಾನದಲ್ಲಿ ಒಂದು ಚುಕ್ಕಿ ಇಲ್ಲಿ, ಇನ್ನೊಂದು ಅಲ್ಲಿ ಎಂದು ಬಿಟ್ಟುಬಿಟ್ಟು ಹಾಕುತ್ತಾ ಹೋಗಬೇಕು. ಗ್ಯಾಸ್ ವೆಲ್ಡಿಂಗಿನ ಬಿಸಿಗೆ ಅಗಲವಾದ ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಸಿಲ್ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಕಬ್ಬಿಣದ ಪೈಪು ವೆಲ್ಡ್ ಮಾಡಿ ಬಿಗಿಯಬೇಕು. ಇದನ್ನು ಬಿಟ್ಟರೆ ಬಾಡಿ ನಡುವಿನಲ್ಲಿ ಜಗ್ಗುತ್ತದೆ, ಆಮೇಲೆ ಬಾಗಿಲು ಕೂರುವುದೇ ಇಲ್ಲ.

ಬರಿಯ ಲೋಹಕ್ಕೆ ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು. ರೆಡ್ ಆಕ್ಸೈಡ್ ಹಚ್ಚಿ ತಿಂಗಳುಗಟ್ಟಲೆ ಹೊರಗೆ ನಿಲ್ಲಿಸುವುದು ನಮ್ಮ ಗ್ಯಾರೇಜುಗಳಲ್ಲಿ ಸಾಮಾನ್ಯ, ಆದರೆ ಅದು ನೀರು ಹೀರುವ ಪದರ. ಅದರಡಿಯಲ್ಲೇ ಹೊಸ ತುಕ್ಕು ಶುರುವಾಗಿರುತ್ತದೆ. ಪೇಂಟಿನ ಕೆಲಸವೆಲ್ಲ ಮುಗಿದ ಮೇಲೆ ಸಿಲ್, ಬಾಗಿಲುಗಳ ಟೊಳ್ಳಿಗೆ ಮೇಣದ ಸ್ಪ್ರೇ ಹೊಡೆಸಿ. ಹೊಡೆದ ನಂತರ ಬಾಗಿಲ ಕೆಳಗಿನ ನೀರು ಹೋಗುವ ತೂತುಗಳು ತೆರೆದಿವೆಯೇ ಎಂದು ತಂತಿ ಹಾಕಿ ನೋಡಿ. ಗಾಡಿ ತಳಕ್ಕೆ ಬಳಸಿದ ಎಂಜಿನ್ ಆಯಿಲ್ ಹೊಡೆಸುವ ಹಳೆಯ ರೂಢಿ ಬಿಡುವುದು ಒಳ್ಳೆಯದು: ಅದರಲ್ಲಿ ಆಮ್ಲ ಇರುತ್ತದೆ, ರಬ್ಬರ್ ಬುಷ್‌ಗಳೂ ಹಾಳಾಗುತ್ತವೆ. ತುಕ್ಕು ತೆಗೆಯದೆ ಅದರ ಮೇಲೆ ಕಪ್ಪು ರಬ್ಬರ್ ಕೋಟಿಂಗ್ ಬಳಿಸುವುದಂತೂ ಹುಣ್ಣಿನ ಮೇಲೆ ಪ್ಲಾಸ್ಟರ್ ಹಾಕಿ ಮುಚ್ಚಿದಂತೆ.

ಇ20 ಪೆಟ್ರೋಲು ಮತ್ತು ಬೆಂಗಳೂರಿನ ಎತ್ತರ

ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. 1960, 70ರ ದಶಕದ ಕಾರನ್ನು ಮಾಡಿದವರಿಗೆ ಇಂಥ ಪೆಟ್ರೋಲು ಬರುತ್ತದೆಂದು ಗೊತ್ತಿರಲಿಲ್ಲ. ತೊಂದರೆ ನಾಲ್ಕು ಬಗೆ, ನಾಲ್ಕಕ್ಕೂ ಪರಿಹಾರ ಇದೆ.

ಮೊದಲನೆಯದು ರಬ್ಬರು. ಹಳೆಯ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ, ಕಾರ್ಕ್ ವಾಷರ್‌ಗಳು ಎಥೆನಾಲಿಗೆ ಉಬ್ಬಿ, ಮೆತ್ತಗಾಗಿ, ಕೊನೆಗೆ ಬಿರಿಯುತ್ತವೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಸೋರಿದರೆ ಕಾರು ಸುಟ್ಟುಹೋಗುತ್ತದೆ. ಆದ್ದರಿಂದ ಬೇರೇನು ಮಾಡದಿದ್ದರೂ ಇದನ್ನು ಮೊದಲು ಮಾಡಿ: ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ (ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಎಲ್ಲ ರಬ್ಬರ್ ಪೈಪನ್ನೂ ಎಸ್‌ಎಇ ಜೆ30 ಆರ್9 ಎಂದು ಅಚ್ಚಾದ ಪೈಪಿಗೆ ಬದಲಿಸಿ. ಒಳ ಅಗಲ 6 ಮಿಲಿಮೀಟರೋ 8 ಮಿಲಿಮೀಟರೋ ಅಳೆದು ತನ್ನಿ. ಬರಿಯ ಪ್ಲಾಸ್ಟಿಕ್ ಪೈಪು ಬೇಡವೇ ಬೇಡ. ಪಂಪಿನ ಡಯಾಫ್ರಂ ಕಿಟ್ಟೂ ಎಥೆನಾಲ್ ತಡೆಯುವಂಥದ್ದೇ ಆಗಿರಲಿ.

ಎರಡನೆಯದು ನೀರು. ಎಥೆನಾಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿ ದಾಟಿದಾಗ ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪು ಎಳೆಯುವುದು ತಳದಿಂದಲೇ. ತಗಡಿನ ಟ್ಯಾಂಕು ಅಲ್ಲಿ ತುಕ್ಕು ಹಿಡಿಯುತ್ತದೆ, ಕಾರ್ಬುರೇಟರಿನ ಬೌಲಿನಲ್ಲಿ ಬಿಳಿ ಪುಡಿ ಕೂರುತ್ತದೆ. ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಟ್ಯಾಂಕ್ ಪೂರ್ತಿ ತುಂಬಿಸಿ, ಒಳಗೆ ಗಾಳಿಗೆ ಜಾಗ ಇಲ್ಲದಂತೆ ಮಾಡಿ; ಆರು ತಿಂಗಳು ನಿಲ್ಲಿಸುವುದಾದರೆ ಪೂರ್ತಿ ಖಾಲಿ ಮಾಡಿಸಿ. ಕಾರ್ಬುರೇಟರ್ ಬೌಲನ್ನು ಎರಡೂ ಸಂದರ್ಭದಲ್ಲಿ ಖಾಲಿ ಮಾಡಬೇಕು. ಹಳೆಯ ಟ್ಯಾಂಕಿನಲ್ಲಿ ದಶಕಗಳಿಂದ ಅಂಟಿದ ಕೊಳೆಯನ್ನು ಎಥೆನಾಲ್ ಬಿಡಿಸುವುದರಿಂದ ಮೊದಮೊದಲು ಫಿಲ್ಟರ್ ಪದೇ ಪದೇ ಕಟ್ಟುತ್ತದೆ. ಎರಡು ಫಿಲ್ಟರ್ ಕಾರಿನಲ್ಲೇ ಇಟ್ಟುಕೊಂಡಿರಿ.

ಮೂರನೆಯದು ಗಾಳಿ–ಪೆಟ್ರೋಲಿನ ಅನುಪಾತ. ಇಲ್ಲಿ ಊರಿನ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಅಂದರೆ ಅದೇ ಜೆಟ್ಟಿನಲ್ಲಿ (ಕಾರ್ಬುರೇಟರಿನೊಳಗೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತು) ಮಿಶ್ರಣ ಶೇ. 7ರಿಂದ 8ರಷ್ಟು ತೆಳುವಾಗುತ್ತದೆ. ತೆಳು ಮಿಶ್ರಣ, ಅಂದರೆ ಬೇಕಾದ್ದಕ್ಕಿಂತ ಪೆಟ್ರೋಲು ಕಡಿಮೆ ಇರುವ ಮಿಶ್ರಣ ಎಂದರೆ ಎಂಜಿನ್ ಬಿಸಿ, ಎಳೆತ ಕಡಿಮೆ. ಇದನ್ನು ಕೇಳಿದ ಕೂಡಲೇ ಜೆಟ್ ಕೊರೆಸಲು ಓಡುವವರಿದ್ದಾರೆ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿ ತೆಳುವಾಗಿರುವುದರಿಂದ ಕಾರ್ಖಾನೆಯ ಜೆಟ್ಟಿನಲ್ಲಿ ಮಿಶ್ರಣ ಮೊದಲೇ ಶೇ. 4ರಿಂದ 5ರಷ್ಟು ದಪ್ಪವಾಗಿರುತ್ತದೆ. ಒಂದನ್ನೊಂದು ಕಳೆದರೆ ಉಳಿಯುವ ವ್ಯತ್ಯಾಸ ಶೇ. 3ರ ಆಸುಪಾಸು. ಹಾಗಾಗಿ ಮೊದಲು 20 ಕಿಲೋಮೀಟರ್ ಓಡಿಸಿ, ಪ್ಲಗ್ ಬಿಚ್ಚಿ ನೋಡಿ. ತುದಿ ಕಾಫಿ ಬಣ್ಣವಿದ್ದರೆ ಏನೂ ಮಾಡಬೇಡಿ. ಬೆಳ್ಳಗೆ ಸುಣ್ಣದಂತಿದ್ದರೆ ಮಾತ್ರ ಒಂದು ಸೈಜ್ ದೊಡ್ಡ ಮೇನ್ ಜೆಟ್ ಹಾಕಿ. ಇರುವುದನ್ನು ಕೊರೆಸಬೇಡಿ, ಕೊರೆದದ್ದನ್ನು ಹಿಂದಕ್ಕೆ ತರಲಾಗದು. ಘಾಟಿ ಇಳಿದು ಮಂಗಳೂರು ಕಡೆ ಹೋದಾಗ ಇದೇ ಕಾರು ತೆಳುವಾಗಿ ಓಡುತ್ತದೆ ಎಂಬುದೂ ನೆನಪಿರಲಿ.

ನಾಲ್ಕನೆಯದನ್ನು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅನುಭವಿಸಬಹುದು. ಎಥೆನಾಲ್ ಬೆರೆತ ಪೆಟ್ರೋಲು ಬೇಗ ಆವಿಯಾಗುತ್ತದೆ. ಪಂಪು ಬಿಸಿ ಎಂಜಿನ್ನಿಗೇ ಅಂಟಿಕೊಂಡಿರುವುದರಿಂದ ಒಳಗೆ ಪೆಟ್ರೋಲಿನ ಬದಲು ಆವಿ ತುಂಬಿ ಕಾರು ನಿಂತುಬಿಡುತ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಪಂಪಿಗೂ ಎಂಜಿನ್ನಿಗೂ ನಡುವೆ, ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಇರಬೇಕಾದ ಬೇಕಲೈಟ್ ಪ್ಯಾಕಿಂಗ್ ಎಷ್ಟೋ ಕಾರಿನಲ್ಲಿ ರಿಪೇರಿ ಹೊತ್ತಿನಲ್ಲಿ ಕಳೆದುಹೋಗಿರುತ್ತದೆ. ಅದನ್ನು ಮತ್ತೆ ಹಾಕಿ, ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಸೀಸದ ಪೆಟ್ರೋಲು 2000ದ ಫೆಬ್ರವರಿಯಿಂದ ದೇಶದಲ್ಲಿ ನಿಂತಿತು. ವಾಲ್ವ್ ಮುಚ್ಚಿ ಕೂರುವ ಜಾಗವನ್ನು, ಅಂದರೆ ವಾಲ್ವ್ ಸೀಟನ್ನು ಕಾಯುತ್ತಿದ್ದದ್ದು ಆ ಸೀಸ. ಅಂಬಾಸಿಡರ್‌ನ 1489 ಸಿಸಿ ಎಂಜಿನ್ನಿನ ಹೆಡ್ ಎರಕದ ಕಬ್ಬಿಣದ್ದು, ಸೀಟು ಅದರಲ್ಲೇ ಕಡೆದದ್ದು. ಸೀಸವಿಲ್ಲದೆ ನಿಧಾನವಾಗಿ ತಗ್ಗುತ್ತದೆ. ಟ್ಯಾಪೆಟ್ ಗ್ಯಾಪ್ (ವಾಲ್ವ್ ತುದಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಅದೇ ಸೂಚನೆ. ಮುಂದಿನ ಸಲ ಹೆಡ್ ಇಳಿಸಿದಾಗ ಗಟ್ಟಿ ಸೀಟ್ ಇನ್ಸರ್ಟ್ ಹಾಕಿಸಿದರೆ ಆಯಿತು. ಅದಕ್ಕೆಂದೇ ಹೆಡ್ ಇಳಿಸುವುದು ಬೇಡ.

ಬಿಸಿ ಮತ್ತು ಬ್ರೇಕು

ನಮ್ಮೂರ ಮೆಕ್ಯಾನಿಕ್‌ಗಳ ಕೈಚಳಕದ ಬಗ್ಗೆ ಗೌರವ ಇಟ್ಟುಕೊಂಡೇ ಒಂದು ಮಾತು: ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಕಿತ್ತು ಬಿಸಾಡಬೇಡಿ. ಎಂಜಿನ್ ಬಿಸಿಯಾಗುತ್ತದೆ ಎಂದಾಗ ಮೊದಲು ಬಲಿಯಾಗುವುದು ಅದೇ. ಅದಿಲ್ಲದ ಎಂಜಿನ್ ಬೆಳಗಿನ ಹೊತ್ತು ಬಿಸಿಯೇ ಆಗದೆ ಆಯಿಲ್‌ನಲ್ಲಿ ಪೆಟ್ರೋಲೂ ನೀರೂ ಸೇರಿ ಕೆಸರಾಗುತ್ತದೆ. ನಿಜವಾದ ಕಾರಣ ಬಹಳ ಸಲ ರೇಡಿಯೇಟರಿನೊಳಗಿನ ಸುಣ್ಣ. ಬೋರ್‌ವೆಲ್ ನೀರು ಹಾಕಿದರೆ ಟೀ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರವೇ ಇಲ್ಲೂ ಕೂರುತ್ತದೆ. ರೇಡಿಯೇಟರ್ ಅಂಗಡಿಯಲ್ಲಿ ಮೇಲಿನ ತೊಟ್ಟಿ ಬಿಚ್ಚಿ ಕೊಳವೆಗಳಿಗೆ ರಾಡ್ ಹಾಕಿ ಸುಣ್ಣ ತೆಗೆಸಿ, ಆಮೇಲೆ ಡಿಸ್ಟಿಲ್ಡ್ ವಾಟರ್ ಎರಡು ಪಾಲು, ಕೂಲೆಂಟ್ ಒಂದು ಪಾಲು ಹಾಕಿ. ಕ್ಯಾಪಿನ ರಬ್ಬರನ್ನೂ ನೋಡಿ: ಈ ಎತ್ತರದಲ್ಲಿ ತೆರೆದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಕ್ಯಾಪ್ ಒತ್ತಡ ಹಿಡಿಯದಿದ್ದರೆ ಟ್ರಾಫಿಕ್ಕಿನಲ್ಲಿ ಉಕ್ಕದೆ ಇರದು.

ಪದ್ಮಿನಿ, ಅಂಬಾಸಿಡರ್‌ಗಳ ಬ್ರೇಕು ಸಾಮಾನ್ಯವಾಗಿ ಒಂದೇ ಸಾಲಿನದು. ಒಂದು ಚಕ್ರದಲ್ಲಿ ಸೋರಿದರೆ ನಾಲ್ಕಕ್ಕೂ ಬ್ರೇಕಿಲ್ಲ. ಡಾಟ್ 3 ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯದು, ನೀರು ಹೀರಿದ್ದು 140ಕ್ಕೇ ಕುದಿಯಬಹುದು. ನಂದಿ ಬೆಟ್ಟ ಇಳಿಯುವಾಗ ಪೆಡಲ್ ಸ್ಪಂಜಿನಂತಾಗುವುದು ಇದರಿಂದಲೇ. ಓಡಿಸಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಬ್ರೇಕಿನ ರಬ್ಬರನ್ನು ಪೆಟ್ರೋಲು, ಸೀಮೆಎಣ್ಣೆಯಲ್ಲಿ ತೊಳೆಯಬಾರದು. ಬ್ರೇಕ್ ಆಯಿಲ್‌ನಲ್ಲೇ ತೊಳೆಯಬೇಕು. ಪೆಡಲ್ ಬಿಟ್ಟರೂ ಒಂದು ಚಕ್ರ ಹಿಡಿದೇ ಇದ್ದರೆ ಬ್ರೇಕ್ ಹೋಸ್ ಒಳಗೆ ಉಬ್ಬಿರಬಹುದು. ಹೊರಗಿನಿಂದ ಅದು ಹೊಸದರಂತೆ ಕಾಣುತ್ತದೆ, ಆದರೂ ಬದಲಿಸಿ.

ಸಾಮಾನು, ಕಾಗದ, ಮೂಲರೂಪ

ಅಂಬಾಸಿಡರ್ 2014ರವರೆಗೂ ತಯಾರಾಗುತ್ತಿತ್ತು, ಹಾಗಾಗಿ ಸಾಮಾನಿಗೆ ಪರದಾಟ ಕಡಿಮೆ. ಪದ್ಮಿನಿಗೆ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತಿದರೆ ಬಹುಪಾಲು ಸಿಗುತ್ತದೆ. ಹೆರಾಲ್ಡ್‌ನ ಬಾಡಿ ಸಾಮಾನು ಕಷ್ಟ. ಬೇರಿಂಗ್ ಮತ್ತು ಆಯಿಲ್ ಸೀಲನ್ನು ಕಾರಿನ ಹೆಸರು ಹೇಳಿ ಕೇಳಬೇಡಿ. ಅದರ ಮೇಲೆ ಕೆತ್ತಿದ ಸಂಖ್ಯೆ ಅಥವಾ ಒಳ ಅಗಲ, ಹೊರ ಅಗಲ, ದಪ್ಪ ಬರೆದುಕೊಂಡು ಹೋದರೆ ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಬುಷ್, ಪಿನ್‌ಗಳನ್ನು ಪೀಣ್ಯದ ಲೇತ್ ಅಂಗಡಿಗಳಲ್ಲಿ ಮಾದರಿ ಕೊಟ್ಟು ಮಾಡಿಸಬಹುದು. ಎಷ್ಟೇ ಸವೆದಿದ್ದರೂ ಹಳೆಯ ಸಾಮಾನನ್ನು ಎಸೆಯಬಾರದು. ಮುಂದೆ ಅಳತೆಗೆ ಅದೇ ಆಧಾರ.

ಖಾಸಗಿ ಕಾರಿನ ನೋಂದಣಿ 15 ವರ್ಷದ್ದು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 20 ವರ್ಷ ದಾಟಿದ ಕಾರಿಗೆ ಈ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿತು. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿ ಪಡೆಯಬಹುದು: ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂತರ 5,000. ಮೊದಲೇ ನೋಂದಣಿ ಇದ್ದರೆ ‘ಎಂವೈ’ಯಿಂದ ಶುರುವಾಗುವ ಹಳೆಯ ಮೈಸೂರು ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿಗಷ್ಟೇ ರಸ್ತೆಗಿಳಿಸಬಹುದು. ಚಾಸಿ, ಬಾಡಿ, ಎಂಜಿನ್ನಿಗೆ ದೊಡ್ಡ ಮಾರ್ಪಾಡು ಆಗಿರಬಾರದು ಎಂಬ ಷರತ್ತೂ ಇದೆ. ಬೇರೆ ಎಂಜಿನ್ ಕೂರಿಸುವ ಮೊದಲು ಇದನ್ನು ಯೋಚಿಸಿ. ಮಾಸಿದರೂ ಕಾರ್ಖಾನೆಯಲ್ಲೇ ಹೊಡೆದ ಪೇಂಟು, ಹರಿದರೂ ಮೊದಲಿನ ಸೀಟಿನ ರೆಕ್ಸಿನ್ನು, ಇವು ಒಂದು ಸಲ ಹೋದರೆ ಮತ್ತೆ ಬರುವುದಿಲ್ಲ. ತುಕ್ಕು ನಿಲ್ಲಿಸಿ, ಉಳಿದದ್ದನ್ನು ಇದ್ದ ಹಾಗೇ ಬಿಡುವುದೇ ಬಹಳ ಕಾರುಗಳಿಗೆ ಸರಿಯಾದ ದಾರಿ.

ಟಾರ್ಪಾಲು ತೆಗೆದ ದಿನ

ಮೊದಲ ನಿಯಮ: ಸೆಲ್ಫ್ ಹೊಡೆಯಬೇಡಿ. ಅಂಟಿದ ರಿಂಗು ಆ ಒಂದೇ ಸಲಕ್ಕೆ ಮುರಿಯಬಹುದು. ಇಲಿ, ಹೆಗ್ಗಣಗಳು ವೈರ್ ಕಡಿದಿವೆಯೇ, ಏರ್ ಫಿಲ್ಟರಿನಲ್ಲಿ ಗೂಡು ಕಟ್ಟಿವೆಯೇ ನೋಡಿ. ಹಳೆಯ ಬ್ರಿಟಿಷ್ ಮೂಲದ ಕಾರಾದರೆ ಬ್ಯಾಟರಿಯ ಯಾವ ತಂತಿ ಬಾಡಿಗೆ ಸೇರಿದೆ ಎಂದು ಖಚಿತ ಮಾಡಿಕೊಳ್ಳಿ. ಕೆಲವದರಲ್ಲಿ ಪಾಸಿಟಿವ್ ಅರ್ಥ್ ಇರುತ್ತದೆ.

ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮವಾಗಿ ಬೆರೆಸಿದ್ದು 10 ಮಿಲಿಲೀಟರಿನಷ್ಟು ಬಿಡಿ. ಎರಡು ದಿನ ಹಾಗೇ ಇರಲಿ. ಆಮೇಲೆ ಟಾಪ್ ಗೇರಿಗೆ ಹಾಕಿ, ಕಾರನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಹ್ಯಾಂಡಲ್ ಹಾಕುವ ಗಾಡಿಯಾದರೆ ಕೈಯಿಂದ ತಿರುಗಿಸಿ. ತಿರುಗದಿದ್ದರೆ ಇನ್ನೆರಡು ದಿನ ಕಾಯಿರಿ, ಬಲ ಹಾಕಬೇಡಿ.

ತಿರುಗಿದ ಮೇಲೆ ಹಳೆಯ ಆಯಿಲ್ ಇಳಿಸಿ 20ಡಬ್ಲ್ಯೂ50 ಮಿನರಲ್ ಆಯಿಲ್ ಹಾಕಿ, ಫಿಲ್ಟರ್ ಇದ್ದರೆ ಬದಲಿಸಿ. ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆಯುತ್ತಾ, ಹತ್ತು ಸೆಕೆಂಡ್ ಹೊಡೆದು ಅರ್ಧ ನಿಮಿಷ ಬಿಟ್ಟು, ಆಯಿಲ್ ಲೈಟು ಆರುವವರೆಗೆ ನೋಡಿ. ಈಗಲೇ ಕಂಪ್ರೆಷನ್, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಹುಟ್ಟಿಸುವ ಒತ್ತಡ ಅಳೆಯಿರಿ. ನಾಲ್ಕು ಸಿಲಿಂಡರಿನ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಪುಸ್ತಕದಲ್ಲಿ 150 ಪಿಎಸ್ಐ ಎಂದಿದ್ದರೆ ಬೆಂಗಳೂರಿನಲ್ಲಿ 135 ಬಂದರೂ ಅದು ಸರಿಯೇ, ಎತ್ತರದ ಕಾರಣ. ಇದು ಗೊತ್ತಿಲ್ಲದೆ ಒಳ್ಳೆಯ ಎಂಜಿನ್ ಬಿಚ್ಚಿಸಿಬಿಡುವ ಅಪಾಯ ಇದೆ.

ಟ್ಯಾಂಕಿನ ಹಳೆಯ ಪೆಟ್ರೋಲನ್ನು ನಂಬಬೇಡಿ. ಒಂದು ಲೀಟರಿನ ಗಟ್ಟಿ ಕ್ಯಾನಿನಿಂದ ಪಂಪಿಗೆ ನೇರ ಪೈಪು ಕೊಟ್ಟು ಹೊಸ ಪೆಟ್ರೋಲಿನಲ್ಲೇ ಸ್ಟಾರ್ಟ್ ಮಾಡಿ. ಟ್ಯಾಂಕನ್ನು ಇಳಿಸಿ ತೊಳೆಸುವ ಕೆಲಸ ಬೇರೆಯೇ ಆಗಲಿ. ಪ್ಲಗ್‌ಗಳಿಗೆ ಕಿಡಿಯ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಮೇಲೆ ತುಕ್ಕಿನ ಪೊರೆ ಇರುತ್ತದೆ, ನಯವಾದ ಎಮರಿ ಪೇಪರಿನಿಂದ ಒರೆಸಿ ಗ್ಯಾಪನ್ನು 0.4 ಮಿಲಿಮೀಟರ್ ಆಸುಪಾಸಿಗೆ ಇಡಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಎಂಜಿನ್ ಶುರುವಾದರೂ ನಾಲ್ಕು ಚಕ್ರದ ಬ್ರೇಕು ಬಿಚ್ಚಿ ನೋಡದೆ ಗೇಟು ದಾಟಬೇಡಿ. ಟೈರಿನ ಪಕ್ಕದ ನಾಲ್ಕು ಅಂಕಿ ಓದಿ: 2312 ಎಂದರೆ 2012ರ 23ನೇ ವಾರದ್ದು. ಮೇಲಿನ ಗೆರೆಗಳು ಎಷ್ಟೇ ಚೆನ್ನಾಗಿದ್ದರೂ ಅಂಥ ಟೈರಿನಲ್ಲಿ ರಸ್ತೆಗೆ ಹೋಗುವುದು ತರವಲ್ಲ.

ಮೊದಲ ಓಡಾಟ ಮನೆಯ ಸುತ್ತ ಎರಡು ಕಿಲೋಮೀಟರ್ ಸಾಕು. ಬಂದು ನಿಲ್ಲಿಸುವಾಗ ಕೆಳಗೆ ಬಿಳಿ ರಟ್ಟು ಹಾಸಿ. ಮರುದಿನ ಬೆಳಗ್ಗೆ ಅದರ ಮೇಲೆ ಬಿದ್ದ ಹನಿಗಳನ್ನು ಓದಬಹುದು. ನಡುವೆ ಕಂದು ಕಲೆ ಇದ್ದರೆ ಎಂಜಿನ್ ಆಯಿಲ್, ಒಂದೆರಡು ಹನಿಗೆ ಗಾಬರಿ ಬೇಡ. ಮುಂಭಾಗದಲ್ಲಿ ಹಸಿರು ಅಥವಾ ತುಕ್ಕಿನ ಬಣ್ಣದ ನೀರಿದ್ದರೆ ರೇಡಿಯೇಟರೋ ವಾಟರ್ ಪಂಪೋ. ಹಿಂದೆ, ನಡುವಿನಲ್ಲಿ ದಪ್ಪಗೆ ಗಂಧಕದ ವಾಸನೆ ಬಂದರೆ ಡಿಫರೆನ್ಷಿಯಲ್ ಸೀಲು. ಚಕ್ರದ ಒಳಬದಿಯಲ್ಲಿ ತೆಳ್ಳಗೆ, ತಿಳಿಯಾಗಿ, ಬೆರಳಿಗೆ ಜಾರುವಂಥದ್ದಿದ್ದರೆ ಅದು ಬ್ರೇಕ್ ಆಯಿಲ್. ಆ ವೀಲ್ ಸಿಲಿಂಡರ್ ಬದಲಾಗುವವರೆಗೆ ಕಾರು ಶೆಡ್ಡಿನಲ್ಲೇ ಇರಲಿ.